ಜೇನುಗಾರನ ಕಣ್ಣು ಮತ್ತು ಕೆಸರೂರಿನ ಸಾವು

ಅಬ್ಬಾನ ಟ್ರಂಕಿನಲ್ಲಿ ಇಬ್ನೆ ಸಫಿಯ ಉರ್ದು ‘ಜಾಸೂಸಿ ದುನಿಯಾ’ ಇತ್ತು. ಕನ್ನಡ ಶಾಲೆಗೆ ಸೇರಿದ ಮೇಲೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಕೈಗೆ ಬಂದವು. ಭಾಷೆ ಬೇರೆಯಾದರೂ ಎರಡರಲ್ಲೂ ಒಂದೇ ಭರವಸೆ: ಕೊನೆಯ ಪುಟ ಮುಗಿಯುವುದರೊಳಗೆ ಕೊಲೆಗಾರ ಸಿಕ್ಕೇ ಸಿಗುತ್ತಾನೆ. ಆ ಭರವಸೆಯನ್ನು ನನ್ನಿಂದ ಕಸಿದುಕೊಂಡವರು ಪೂರ್ಣಚಂದ್ರ ತೇಜಸ್ವಿ.

1985ರಲ್ಲಿ ಬಂದು, 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ ಮೇಲ್ನೋಟಕ್ಕೆ ಪತ್ತೇದಾರಿ ಕಥೆಯೇ. ಮಲೆನಾಡಿನ ಕೆಸರೂರಿನಲ್ಲಿ ಏಲಕ್ಕಿ ವಿಜ್ಞಾನಿ ಜೋಗಿಹಾಳ್ ಸತ್ತಿದ್ದಾನೆ. ಸತ್ಯ ತಿಳಿಯಲು ಶ್ಯಾಮನಂದನ ಅಂಗಡಿ ಬರುತ್ತಾನೆ. ಆದರೆ ಊರಿನ ಜನಕ್ಕೆ ಸತ್ಯ ಬೇಕಿಲ್ಲ, ಸುದ್ದಿ ಬೇಕು. ರಫಿ ಮತ್ತು ಜಯಂತಿ ಎಂಬ ಇಬ್ಬರು ಎಳೆಯರ ಪ್ರೀತಿಯೂ ಅಲ್ಲಿ ಎರಡು ಕೋಮುಗಳ ಲೆಕ್ಕಾಚಾರವಾಗಿ ಬಿಡುತ್ತದೆ. ಒಬ್ಬನ ಸಾವಿನ ಗುಟ್ಟು ಬಿಡಿಸಲು ಹೊರಟ ಕಾದಂಬರಿ ಇಡೀ ಊರಿಗೆ ಬೀಳುವ ಬೆಂಕಿಯತ್ತ ನಡೆಯುತ್ತದೆ.

ಇದನ್ನು ಇಂಡಿ, ಸಿಂದಗಿಯ ಕಡೆ ಕುಳಿತು ಓದುವ ನನ್ನಂಥವನಿಗೆ ಅದು ದೂರದ ಮಲೆನಾಡಿನ ಕಥೆ ಎನಿಸುವುದಿಲ್ಲ. ಎಲ್ಲೋ ಹೆಣ ಬಿದ್ದರೆ ಪಂಚನಾಮೆ ಮುಗಿಯುವ ಮೊದಲೇ ಚಹಾದಂಗಡಿಯಲ್ಲಿ ತೀರ್ಪು ಬಂದಿರುತ್ತದೆ. ಹಾಗೆ ಕೇಳಿಬರುವ ಹೆಸರು ನಮ್ಮವರದಾಗದಿರಲಿ ಎಂದು ಮನಸ್ಸಿನಲ್ಲೇ ದುವಾ ಮಾಡುವವರ ಎದೆಬಡಿತ ನನಗೆ ಗೊತ್ತು.

ಹಾಗಾದರೆ ಸತ್ಯ ಕಾಣುವ ಕಣ್ಣು ಯಾವುದು? ಉತ್ತರ ತೇಜಸ್ವಿಯವರ ಇನ್ನೊಂದು ಕಾದಂಬರಿಯಲ್ಲಿದೆ. 1980ರ ‘ಕರ್ವಾಲೊ’ ಜೇನಿನಿಂದಲೇ ಶುರುವಾಗುತ್ತದೆ. ಅದರ ಮಂದಣ್ಣನನ್ನು ಊರು ಕೆಲಸಕ್ಕೆ ಬಾರದವನೆಂದು ಬಗೆದಿದೆ. ವಿಜ್ಞಾನಿ ಕರ್ವಾಲೊ ಮಾತ್ರ ಅವನ ನೋಟಕ್ಕೆ ಬೆಲೆ ಕೊಡುತ್ತಾನೆ. ಮಂದಣ್ಣ ಮೊದಲು ನೋಡುತ್ತಾನೆ, ಆಮೇಲೆ ಹೇಳುತ್ತಾನೆ. ಕೆಸರೂರಿನವರು ಮೊದಲು ಹೇಳುತ್ತಾರೆ, ನೋಡುವುದೇ ಇಲ್ಲ.

ಜೇನು ಸಾಕುವವನಿಗೆ ಈ ನೋಟ ಹೊಟ್ಟೆಪಾಡಿನ ಪ್ರಶ್ನೆ. 1991–92ರಲ್ಲಿ ದಕ್ಷಿಣ ಭಾರತದ ತುಡುವೆ ಜೇನಿನ ಪೆಟ್ಟಿಗೆಗಳು ಬಹುಪಾಲು ಬರಿದಾದವು. ಕೊಂದದ್ದು ಕಳ್ಳನಲ್ಲ, ನೆರೆಯವನ ಮಾಟವೂ ಅಲ್ಲ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್. ಪೆಟ್ಟಿಗೆ ತೆರೆದು ಚೀಲದಂತೆ ಊದಿ ಸತ್ತ ಮರಿಹುಳುಗಳನ್ನು ನೋಡಿದವನಿಗೆ ಮಾತ್ರ ಅದು ತಿಳಿಯುವಂಥದ್ದು. ನಮ್ಮ ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆಹೊಲಗಳಿಗೂ ಈ ಮಾತು ಸಲ್ಲುತ್ತದೆ. ಸೂರ್ಯಕಾಂತಿ ಹೂ ಬಿಟ್ಟಾಗ ಬೆಳಿಗ್ಗೆಯೇ ಎಣ್ಣೆ ಹೊಡೆದರೆ ಜೇನುಹುಳ ಸಾಯುತ್ತದೆ, ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ನಾವು ಬೀಜದಂಗಡಿಯವನನ್ನು ಬೈಯುತ್ತೇವೆ. ಕೊಂದ ಕೈ ನಮ್ಮದೇ ಆಗಿರಬಹುದೆಂಬ ಗುಮಾನಿ ನಮಗೆ ಬರುವುದಿಲ್ಲ.

‘ಚಿದಂಬರ ರಹಸ್ಯ’ದ ಬಗ್ಗೆ ನನ್ನ ತಕರಾರೂ ಒಂದಿದೆ. ಊರಿನ ಮೂರ್ಖತನವನ್ನು ಆಡಿಕೊಳ್ಳುವ ಭರದಲ್ಲಿ ಜೋಗಿಹಾಳನ ಸಾವಿನ ದುಃಖ ಮರೆಯಾಗುತ್ತದೆ. ಸತ್ತವನು ಬರೀ ನೆಪವಾಗುತ್ತಾನೆ. ನಗೆಯ ನಡುವೆ ಅವನಿಗಾಗಿ ಒಂದು ಗಳಿಗೆ ಮೌನ ಬೇಕಿತ್ತು.

ಆದರೂ ಕೊಲೆಗಾರನ ಹೆಸರನ್ನು ನಮ್ಮ ಕೈಗಿಟ್ಟು ಕಳಿಸದಿದ್ದುದೇ ತೇಜಸ್ವಿಯವರ ದೊಡ್ಡತನ. ಹೆಸರು ಸಿಕ್ಕಿದ್ದರೆ ಪುಸ್ತಕ ಮುಚ್ಚಿ ನೆಮ್ಮದಿಯಾಗಿ ಮಲಗುತ್ತಿದ್ದೆವು. ಹೆಸರು ಸಿಗದ್ದರಿಂದ ನಮ್ಮ ನಮ್ಮ ಊರಿನ ಕಡೆ ಕಣ್ಣು ಹೊರಳಿಸಬೇಕಾಗಿದೆ.