ತಳದ ಮುದ್ರೆಗಿಂತ ಸಿಕ್ಕ ಜಾಗ ದೊಡ್ಡದು

ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ಈಗ ವಸ್ತುಸಂಗ್ರಹಾಲಯ. ಅವರು ಬಳಸಿದ ಕನ್ನಡಕ, ಪುಸ್ತಕ, ಕಪ್‌ಗಳು ಅಲ್ಲಿವೆ. ಅದೇ ಕಪ್ಪನ್ನು ಹಳೇ ಸಾಮಾನಿನ ಅಂಗಡಿಯಲ್ಲಿಟ್ಟರೆ ಯಾರೂ ತಿರುಗಿ ನೋಡಲಾರರು. ಅದು ಯಾರದು, ಯಾವ ಕಾಲದ್ದು ಎಂಬುದಕ್ಕೆ ಆ ಮನೆಯೇ ಸಾಕ್ಷಿ. ಮುಳುಗಿದ ಹಡಗುಗಳಿಂದ ಎತ್ತಿದ ಚೀನೀ ಪಿಂಗಾಣಿಯ ಕಾಲನಿರ್ಣಯವನ್ನೂ ನಾನು ಇದೇ ತಕ್ಕಡಿಯಲ್ಲಿ ತೂಗುತ್ತೇನೆ.

ಬಟ್ಟಲು ಕೈಗೆ ಬಂದೊಡನೆ ಸಂಗ್ರಾಹಕರು ತಳ ತಿರುವಿ ಮುದ್ರೆ ಓದುತ್ತಾರೆ. ಇದು ದುರ್ಬಲ ಸಾಕ್ಷಿ. ಮಿಂಗ್ ದೊರೆ ಚೆಂಗ್‌ಹುವಾನ (1465–1487) ಹೆಸರನ್ನು ಎರಡು ಶತಮಾನಗಳ ನಂತರ, ಕಾಂಗ್‌ಶಿ ದೊರೆಯ ಕಾಲದಲ್ಲೂ ಬಟ್ಟಲುಗಳ ಮೇಲೆ ಬರೆಯುತ್ತಿದ್ದರು. ಮುದ್ರೆಗಿಂತ ಮೆರುಗಿಲ್ಲದ ತಳದಂಚನ್ನು ಹೆಚ್ಚು ನಂಬಬಹುದು: ಬೆರಳಾಡಿಸಿದರೆ ಜೇಡಿಯ ನಯ, ಸುಡುವ ಗೂಡಿನಲ್ಲಿ ಅಂಟಿದ ಮರಳು, ಹೆರೆದ ಗುರುತು ತಿಳಿಯುತ್ತವೆ. ಉಪ್ಪುನೀರಿನಲ್ಲಿ ಮೆರುಗು ಮಂಕಾಗುತ್ತದೆ, ಚಿಪ್ಪು ಮೆತ್ತಿಕೊಳ್ಳುತ್ತದೆ. ಹೊಸ ಬಟ್ಟಲಿಗೆ ಚಿಪ್ಪು ಅಂಟಿಸಿ ಮಾರುವವರೂ ಉಂಟು.

ಆದ್ದರಿಂದ ಬಟ್ಟಲಿನ ಜೊತೆಗೆ ಏನಿತ್ತು ಎಂಬುದೇ ಮುಖ್ಯ. 1998ರಲ್ಲಿ ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ ಅರಬ್ ಮಾದರಿಯ ಹಡಗೊಂದು ಪತ್ತೆಯಾಯಿತು. ಅದರಲ್ಲಿ ಸುಮಾರು 60,000 ವಸ್ತುಗಳಿದ್ದವು. ಬಹುಪಾಲು ಚೀನಾದ ಚಾಂಗ್‌ಶಾ ಗೂಡುಗಳ ಬಟ್ಟಲುಗಳು. ಒಂದರ ಮೈಮೇಲೆ, ಸುಡುವ ಮುನ್ನವೇ, ಕ್ರಿ.ಶ. 826ಕ್ಕೆ ಹೊಂದುವ ತಾರೀಖನ್ನು ಗೀಚಿದ್ದರು. ಒಂದು ಬಟ್ಟಲು ಬಾಯಿಬಿಟ್ಟದ್ದರಿಂದ ಪಕ್ಕದ ಸಾವಿರಾರು ಮೂಕ ಬಟ್ಟಲುಗಳಿಗೂ ಕಾಲ ದೊರಕಿತು.

ಈ ಒಡನಾಟವನ್ನೇ ಹರಾಜು ಮುರಿಯುತ್ತದೆ. 1752ರಲ್ಲಿ ಮುಳುಗಿದ ಡಚ್ಚರ ಗೆಲ್ಡರ್‌ಮಾಲ್ಸನ್ ಹಡಗಿನ ಪಿಂಗಾಣಿ 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಿಡಿಬಿಡಿಯಾಗಿ ಮಾರಾಟವಾಯಿತು. ಕೊಂಡವರಿಗೆ ಚೆಂದದ ತಟ್ಟೆ ಸಿಕ್ಕಿತು. ಒಟ್ಟು ಸರಕು ಚದುರಿಹೋಯಿತು. ಬೆಲಿಟುಂಗ್ ಸರಕನ್ನು ಎತ್ತಿದ್ದೂ ವ್ಯಾಪಾರದ ಲೆಕ್ಕದಲ್ಲೇ. ಪುರಾತತ್ವಜ್ಞರ ಆಕ್ಷೇಪದಿಂದ 2011ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಅದರ ಪ್ರದರ್ಶನವನ್ನು ಕೈಬಿಟ್ಟಿತು. ಆ ಆಕ್ಷೇಪ ನ್ಯಾಯವಾದದ್ದೇ. ಆದರೂ ಸರಕಿನ ಬಹುಪಾಲು ಸಿಂಗಪುರದಲ್ಲಿ ಒಟ್ಟಿಗೇ ಉಳಿದಿದೆ. ಹೊಸ ಪ್ರಶ್ನೆ ಹೊತ್ತು ಮತ್ತೆ ಅದರ ಬಳಿ ಹೋಗಬಹುದು. ಗೆಲ್ಡರ್‌ಮಾಲ್ಸನ್‌ಗೆ ಆ ಭಾಗ್ಯವಿಲ್ಲ.

ನಮ್ಮಲ್ಲಿ ಮುಳುಗಿದ್ದು ನಗರ. ಹಂಪಿಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. 1565ರ ಯುದ್ಧದ ಬಳಿಕ ವಿಜಯನಗರದ ಈ ರಾಜಧಾನಿ ಪಾಳುಬಿದ್ದದ್ದರಿಂದ, ಅರಮನೆಯ ನೆಲದಲ್ಲಿ ಹೂತ ಚೂರಿಗೆ ಒಂದು ಗಡಿ ಗೊತ್ತಾಗುತ್ತದೆ. ಆದರೆ ಹಡಗಿನ ಸರಕು ಒಂದು ಪಯಣದ್ದು, ಹಂಪಿಯ ಬಾಳು ಎರಡು ಶತಮಾನಗಳದ್ದು. ಚೂರು ಯಾವ ಕೋಣೆಯಲ್ಲಿ, ಯಾವ ಪದರದಲ್ಲಿ ಇತ್ತೆಂದು ಬರೆದಿಟ್ಟರೆ ಮಾತ್ರ ಅದು ಬುಕ್ಕರಾಯನ ಕಾಲದ್ದೋ ಕೃಷ್ಣದೇವರಾಯನ ಕಾಲದ್ದೋ ಎಂದು ವಾದಿಸಬಹುದು. ನೀಲಿ ಗೆರೆಯ ಚೂರು ಕಂಡಾಗ ನೆನಪಿಗಿರಲೆಂದು ಜೇಬಿಗಿಳಿಸಬೇಡಿ. ಅದರ ಕಾಲ ಆ ಮಣ್ಣಿನಲ್ಲೇ ಉಳಿದುಬಿಡುತ್ತದೆ.