ಎರಡು ಲೋಕ ಬೆಸೆವ ಸಾಂಬಾ
ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಂಥ ಊರಲ್ಲಿ ವಿಂಡೋಸ್ ಕಂಪ್ಯೂಟರುಗಳ ಜೊತೆ ಒಂದು ಲಿನಕ್ಸ್ ಸರ್ವರ್ ಇಟ್ಟುಕೊಳ್ಳುವ ಸಣ್ಣ ಕಚೇರಿಗೆ, ಆ ಎರಡರ ನಡುವೆ ಫೈಲ್ ಹಂಚಿಕೊಳ್ಳಲು ನೆರವಾಗುವ ಸಾಂಬಾ ಎಂಬ ತಂತ್ರಾಂಶ ದೊಡ್ಡ ಆಸರೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಇದರ ಮೊದಲ ರೂಪವನ್ನು ಹೊರತಂದದ್ದು 1992ರಲ್ಲಿ. ಜಾಲದಲ್ಲಿ ಹರಿಯುವ ಸಂದೇಶಗಳನ್ನು ಗಮನಿಸಿಯೇ ಅವರು ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವ ಭಾಷೆ ಕಲಿತರು.

ಲಿನಕ್ಸ್ ಬಳಕೆದಾರನನ್ನು ಯುಐಡಿ ಎಂಬ ಸಂಖ್ಯೆಯಿಂದ ಗುರುತಿಸುತ್ತದೆ, ವಿಂಡೋಸ್ ಎಸ್‌ಐಡಿ ಎಂಬ ಗುರುತಿನಿಂದ. ಎರಡನ್ನೂ ಹೊಂದಿಸುವುದೇ ಸಾಂಬಾದ ಜಾಣ್ಮೆ. ಆ ಹೊಂದಿಕೆ ತಪ್ಪಿದರೆ, ಲಾಗಿನ್ ಆದವರಿಗೆ ಸರ್ವರಿನಲ್ಲಿಟ್ಟ ತಮ್ಮ ಡೆಸ್ಕ್‌ಟಾಪ್ ಬದಲು ತಾತ್ಕಾಲಿಕ ಪ್ರೊಫೈಲ್ ಸಿಗಬಹುದು. ಆಗ ಸಿಟ್ಟಿನಲ್ಲಿ ಎಲ್ಲರಿಗೂ ಎಲ್ಲ ಹಕ್ಕು ಕೊಡುವ 777 ಅನುಮತಿ ಹಾಕಬೇಡಿ. ಏಕೆಂದರೆ ಪ್ರೊಫೈಲ್ ಫೋಲ್ಡರಿನ ಮಾಲೀಕರು ಯಾರೆಂಬುದನ್ನೂ ವಿಂಡೋಸ್ ನೋಡುತ್ತದೆ. ಮೊದಲು ಮಾಲೀಕತ್ವ ಸರಿಪಡಿಸಿ, ಆಮೇಲೆ ಅನುಮತಿ. ಲೈಸೆನ್ಸ್ ಶುಲ್ಕವಿಲ್ಲದೆ ಇಷ್ಟು ದುಡಿಯುವ ತಂತ್ರಾಂಶ ಅಪರೂಪ.