ಎರಡು ವರ್ಷಕ್ಕೆ ಎಲ್ಲ ಸರಿಹೋಗುವುದಿಲ್ಲ

ದಿನ ತುಂಬುವ ಮುನ್ನ ಹುಟ್ಟಿದ ಕೂಸಿನ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಎರಡು ವರ್ಷ ಕಳೆಯಲಿ, ಎಲ್ಲ ಸರಿಹೋಗುತ್ತದೆ. ಅಜ್ಜಿಯಂದಿರು ಹಾಗೆನ್ನುತ್ತಾರೆ, ಎಷ್ಟೋ ವೈದ್ಯರೂ ಹಾಗೇ ಅನ್ನುತ್ತಾರೆ. ತೂಕ ಏರಿತು, ಹೆಜ್ಜೆ ಇಟ್ಟಿತು, ಮಾತು ಬಂತು, ಇನ್ನೇನು ಚಿಂತೆ? ವಾರಗಟ್ಟಲೆ ಇನ್‌ಕ್ಯುಬೇಟರ್ ಪೆಟ್ಟಿಗೆಯೊಳಗಿನ ಮಗುವನ್ನು ಗಾಜಿನಾಚೆಯಿಂದ ನೋಡಿ ನಲುಗಿದ ತಾಯಿಗೆ ಆ ಮಾತು ಧೈರ್ಯ ಕೊಡುತ್ತದೆ, ಒಪ್ಪೋಣ. ಆದರೆ ಮಿದುಳಿನ ಮಟ್ಟಿಗೆ ಅದು ಅರ್ಧ ಸತ್ಯ. ಉಳಿದರ್ಧದ ಬೆಲೆಯನ್ನು ಮಗು ಶಾಲೆಯಲ್ಲಿ ತೆರುತ್ತದೆ.

ಎರಡು ವರ್ಷಕ್ಕೆ ನಾವು ನೋಡುವುದು ನಡಿಗೆ, ನಾಲ್ಕು ಮಾತು, ಕೈಚಳಕ. ವರ್ಕಿಂಗ್ ಮೆಮೊರಿಯ, ಅಂದರೆ ಕೆಲಸ ಮಾಡುತ್ತಲೇ ಬೇಕಾದ ವಿಷಯವನ್ನು ಮನಸ್ಸಲ್ಲಿ ಹಿಡಿದಿಡುವ ಶಕ್ತಿಯ, ಪರೀಕ್ಷೆ ಶುರುವಾಗುವುದೇ ಆಮೇಲೆ. 47ಕ್ಕೆ 38 ಕೂಡಿಸುವ ಹುಡುಗಿ 5 ಬರೆದು, ದಶಕ 1 ಅನ್ನು ಮನಸ್ಸಲ್ಲಿಟ್ಟುಕೊಂಡು, 4 ಮತ್ತು 3ನ್ನು ಕೂಡಬೇಕು. ಆ ಒಂದು ಜಾರಿದರೆ ಉತ್ತರ 75. ಅವಳಿಗೆ ಕೂಡುವ ಕ್ರಮ ಗೊತ್ತಿದೆ. ಕೆಲಸ ಮುಗಿಯುವವರೆಗೆ ಅಂಕಿಯನ್ನು ಹಿಡಿದಿಡುವುದು ಕಷ್ಟ. ಉಕ್ತಲೇಖನದಲ್ಲೂ ಹಾಗೇ, ಉದ್ದ ವಾಕ್ಯ ಓದುವಾಗಲೂ ಹಾಗೇ. ತರಗತಿ ಮೇಲೇರಿದಂತೆ ಈ ಹೊರೆ ಹೆಚ್ಚುತ್ತದೆ. ಎರಡು ವರ್ಷಕ್ಕೆ ಕಾಣದ ಕೊರತೆ ಮೂರನೇ ಕ್ಲಾಸಿನಲ್ಲಿ ಕಾಣುವುದು ಇದರಿಂದಲೇ.

ಕಾರಣ ಗರ್ಭದ ಕೊನೆಯ ತಿಂಗಳುಗಳಲ್ಲಿದೆ. ಸುಮಾರು 23ರಿಂದ 32ನೇ ವಾರದವರೆಗೆ, ನರತಂತುಗಳಿಗೆ ಮುಂದೆ ಮಯಲಿನ್ ಕವಚ ಕಟ್ಟಬೇಕಾದ ಎಳೆಯ ಕೋಶಗಳು ಅತಿ ನಾಜೂಕಾಗಿರುತ್ತವೆ. ಆಮ್ಲಜನಕದ ಏರುಪೇರು, ಸೋಂಕು, ಉರಿಯೂತ ಅವನ್ನು ಬೇಗ ಘಾಸಿಗೊಳಿಸುತ್ತವೆ. ಮುಂಭಾಗದ ಮಿದುಳನ್ನು ಉಳಿದ ಭಾಗಗಳಿಗೆ ಬೆಸೆಯುವ ದಾರಿಗಳು ಹೀಗೆ ದುರ್ಬಲವಾಗಬಹುದು, ಮತ್ತು ವರ್ಕಿಂಗ್ ಮೆಮೊರಿ ನಿಂತಿರುವುದು ಆ ದಾರಿಗಳ ಮೇಲೆಯೇ. ತೂಕದ ತಕ್ಕಡಿಗೆ ಇದು ತಿಳಿಯುವುದಿಲ್ಲ.

ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ತೀರಾ ಮುಂಚೆ ಅಥವಾ ತೀರಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳು, ಸರಾಸರಿ 100 ಇರುವ ಐಕ್ಯೂ ಮಾದರಿಯ ಅಳತೆಗೆ ತಂದು ಹೇಳುವುದಾದರೆ, ವರ್ಕಿಂಗ್ ಮೆಮೊರಿಯಲ್ಲಿ ಸುಮಾರು 5 ಅಂಕ, ಗಣಿತದಲ್ಲಿ 9 ಅಂಕ ಹಿಂದಿದ್ದರು. ಇದು ಗುಂಪಿನ ಸರಾಸರಿ. ಚೆನ್ನಾಗಿ ಓದಿ ಮುಂದೆ ಬಂದವರು ಬೇಕಾದಷ್ಟಿದ್ದಾರೆ. 36ನೇ ವಾರದ ಮಗುವಿಗೂ 26ನೇ ವಾರದ ಮಗುವಿಗೂ ಅಪಾಯ ಒಂದೇ ಅಲ್ಲ. ಅಂಕಗಳ ಅಂತರ ಚಿಕ್ಕದು ಎಂಬ ಕಾರಣಕ್ಕೇ ಅದು ಕಣ್ಣಿಗೆ ಬೀಳುವುದಿಲ್ಲ. ಬುದ್ಧಿವಂತ ಮಗು, ಮಾತಲ್ಲಿ ಚುರುಕು. ಹಾಗಿದ್ದೂ ಲೆಕ್ಕ ತಪ್ಪಿದರೆ ನಾವು ಸೋಮಾರಿ ಅನ್ನುತ್ತೇವೆ, ಬೈಯುತ್ತೇವೆ, ಹೊಡೆಯುವವರೂ ಇದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಹುಟ್ಟುವಾಗಲೇ ಅಷ್ಟು ಹೋರಾಡಿದ ಜೀವಕ್ಕೆ ಈ ಶಿಕ್ಷೆ ಅನ್ಯಾಯ.

ಎರಡು ವರ್ಷಕ್ಕೆ ತಾನಾಗಿ ಸರಿಹೋಗುತ್ತದೆ ಎಂಬುದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆ ಈಚೆಗೆ ಹಬ್ಬಿದೆ: ಕಂಪ್ಯೂಟರ್ ಆಟ ಆಡಿಸಿದರೆ ನೆನಪು ಬಲಿಯುತ್ತದೆ. ಮೆಲ್ಬರ್ನ್‌ನಲ್ಲಿ ಅತಿ ಮುಂಚಿತವಾಗಿ ಹುಟ್ಟಿದ 91 ಮಕ್ಕಳಿಗೆ, ಅವರ ಏಳನೇ ವಯಸ್ಸಿನಲ್ಲಿ, ಕಾಗ್‌ಮೆಡ್ ಎಂಬ ಕಂಪ್ಯೂಟರ್ ತರಬೇತಿಯನ್ನೋ ಅದರ ಹುಸಿ ರೂಪವನ್ನೋ ಕೊಟ್ಟು ಹೋಲಿಸಿದರು. ಎರಡು ವರ್ಷದ ಬಳಿಕ ಓದು, ಲೆಕ್ಕಗಳಲ್ಲಿ ತರಬೇತಿ ಪಡೆದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಇಂಥ ಪ್ಯಾಕೇಜ್‌ಗಳಿಗೆ ಸಾವಿರಾರು ರೂಪಾಯಿ ಸುರಿಯುವ ತಂದೆತಾಯಿಗೆ ಇದನ್ನು ಯಾರಾದರೂ ಹೇಳಬೇಕು.

2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದರು, ಜಗತ್ತಿನಲ್ಲೇ ಹೆಚ್ಚು. ಅವರೀಗ ಶಾಲೆಯ ಮೆಟ್ಟಿಲು ಹತ್ತುತ್ತಿದ್ದಾರೆ. ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಗೆಂದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಮ್ಮಲ್ಲೇ ಇದೆ. ಅದರ ತಂಡ ಶಾಲೆಗೆ ಬಂದಾಗ ಹಲ್ಲು, ಕಣ್ಣಿನ ಜೊತೆಗೆ ಈ ಮಕ್ಕಳ ಕಲಿಕೆಯನ್ನೂ ನೋಡಲಿ.

ತಂದೆತಾಯಿಗಳೇ, ಶಾಲೆಗೆ ಸೇರಿಸುವಾಗ ಮಗು ಎಷ್ಟನೇ ವಾರದಲ್ಲಿ ಹುಟ್ಟಿತೆಂದು ಟೀಚರಿಗೆ ಮುಚ್ಚಿಡದೆ ಹೇಳಿ. ಟೀಚರುಗಳೇ, ಅಂಥ ಮಗುವಿಗೆ ಮೂರು ಕೆಲಸ ಒಟ್ಟಿಗೆ ಹೇಳಬೇಡಿ, ಒಂದೊಂದಾಗಿ ಹೇಳಿ. ಲೆಕ್ಕದ ಹಂತಗಳನ್ನು ಬೋರ್ಡಿನ ಮೇಲೆ ಉಳಿಸಿ. ದಶಕವನ್ನು ಮೇಲೆ ಬರೆದುಕೊಳ್ಳಲು ಬಿಡಿ.